ಒಂದೇ ರೆಕ್ಕೆಗೆ ಹಚ್ಚಿದ ಭಂಡಾರ

"ಇನ್ನೊಮ್ಮೆ ಏರಸ್ತೀನಿ," ಎಂದಳು ಮಾಯಾ.

"ಅಕ್ಕಾರ, ಮ್ಯಾಲ ತಿರಗೂ ಹದ್ದಿಗೂ ಬ್ಯಾಸರ ಬಂದು ಬ್ಯಾರೆ ಊರಿಗೆ ಹೋತ್ ನೋಡ್ರಿ." ವಕೀಲ ಶುಭಮ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ನಾಳೆ ಮುಂಜಾನೆ ಗೋಕಾಕ ಕೋರ್ಟಿನ್ಯಾಗ ಜಾಮೀನಿನ ವಾದ ಐತಿ. ಅಲ್ಲಿ ನಾ ಬಾಯಿ ನಡಸಬೇಕು, ಡ್ರೋನ್ ನಡಸಿದ್ರ ಯಾರ್ ಕೇಳ್ತಾರ್ರಿ?"

ಮಾಯಾ ನಗಲಿಲ್ಲ. ನಗು ಎಲ್ಲಿಂದ ಏಳಬೇಕೋ ಆ ಕೋಣೆಗೆ ಯಾರೋ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗಿದ್ದರು.

ಮಸಗುಪ್ಪಿಯ ಅಂಚಿಗೆ, ಅವ್ವನ ಮನೆಯ ಹಿಂದಿನ ಕಬ್ಬು ಕಡಿದ ಹೊಲ. ರವದಿ ಎಂಬ ಕಬ್ಬಿನ ಒಣಗರಿ ಸುಟ್ಟ ಕಪ್ಪು ಇನ್ನೂ ನೆಲಕ್ಕೆ ಅಂಟಿಕೊಂಡಿತ್ತು. ಅದರ ನಡುವೆ ಒಂದು ತಟ್ಟಿನ ಚೀಲ, ಚೀಲದ ಮೇಲೆ ಸುನೀಲನ ಹಳೆಯ ಡ್ರೋನ್.

ಸುನೀಲ ಅವಳ ತಮ್ಮ. ಮೂಡಲಗಿಯಲ್ಲಿ ಸ್ಟುಡಿಯೋ ಇಟ್ಟವನು. ಸುತ್ತಲ ಊರುಗಳ ಮದುವೆ, ಸೀಮಂತ, ಗೃಹಪ್ರವೇಶ ಎಲ್ಲವನ್ನೂ ಮೇಲಿನಿಂದ ಹಿಡಿದು ಕೊಡುವವನು ಅವನು. ಹಿಡಿದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕುವವಳು ಮಾಯಾ. ಈಗ ಅವನು ಜೈಲಿನಲ್ಲಿದ್ದ. ಅಮಾವಾಸ್ಯೆಯ ಮರುದಿನ ಮುಂಜಾನೆ, ಅಂಕಲಗಿಯ ಹಿಂದಿನ ಹಳೇ ಕಲ್ಲುಖಣಿಯ ದಂಡೆಯಲ್ಲಿ ಕುರಿ ಕಾಯುತ್ತಿದ್ದ ಮಾಳೂನ ಮುಖದ ಮೇಲೆ ಡ್ರೋನ್ ಬಿಟ್ಟು, ಅವನನ್ನು ಹಿಂದೆ ಹಿಂದೆ ಸರಿಸಿ ಖಣಿಗೆ ಕೆಡವಿದ ಎಂದು ಆರೋಪ.

ಮಾಳು ಮಾಯಾಳ ಗಂಡ.

ಕೊಂದವನು ತಮ್ಮ ಎಂದರು, ಸತ್ತವನು ಗಂಡ. ಯಾರಿಗಾಗಿ ಅಳಬೇಕು ಎಂಬುದು ತಿಳಿಯದೆ ಮಾಯಾ ಅಳುವುದನ್ನೇ ಬಿಟ್ಟಿದ್ದಳು. ಉಂಡರೆ ಅನ್ನ ಕಾಗದದ ಹಾಗೆ ಗಂಟಲಿಗಿಳಿಯುತ್ತಿತ್ತು. ನೀರು ಬಿಸಿಯೋ ತಣ್ಣಗೋ ಎಂಬುದು ಕೈಗೆ ಗೊತ್ತಾಗುತ್ತಿರಲಿಲ್ಲ. ಬೆರಳುಗಳು ಯಾರದೋ ಆಗಿಹೋಗಿದ್ದವು; ಹೇಳಿದ ಕೆಲಸ ಮಾತ್ರ ಮಾಡುತ್ತಿದ್ದವು.

"ನಾ ಹಾರಿಸಿಲ್ಲಕ್ಕಾ." ಜೈಲಿನ ಜಾಲರಿಯ ಆಚೆಯಿಂದ ಸುನೀಲ ಹೇಳಿದ್ದು ಅಷ್ಟೇ. ಮತ್ತೆ ಆ ದಿನ ಡ್ರೋನ್ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ನೆಲ ನೋಡುತ್ತಿದ್ದ. ಮಾತು ಬಾಯಿತನಕ ಬಂದು, ಏನೋ ನೆನಪಾದವನ ಹಾಗೆ ನುಂಗಿಕೊಳ್ಳುತ್ತಿದ್ದ.

ಪೊಲೀಸರಿಗೆ ಅವನ ಮಾತು ಬೇಕಾಗಿಯೂ ಇರಲಿಲ್ಲ. ಡ್ರೋನ್ ಅವನದು, ಈ ಹಳೆಯದರದೇ ಮಾದರಿಯ ಹೊಸದು. ಸಿಕ್ಕಿದ್ದು ಅವನ ಸ್ಟುಡಿಯೋದಲ್ಲಿ, ಅದರ ಪೆಟ್ಟಿಗೆಯೊಳಗೆ, ರಿಮೋಟ್ ಸಮೇತ. ಮಾಳು ಸಾಯುವುದನ್ನು ಅದೇ ಡ್ರೋನ್ ವಿಡಿಯೋ ಹಿಡಿದಿತ್ತು. ಅದಕ್ಕೆ ವಾರದ ಮೊದಲು ಮೂಡಲಗಿಯ ಸಂತೆಯಲ್ಲಿ ಭಾವ ಮೈದುನ ಜನರೆದುರು ಜಗಳಾಡಿದ್ದರು. "ನನ್ನ ಹೆಂಡ್ತಿ ನಿನ್ನ ಸ್ಟುಡಿಯೋದಾಗ ಕುಂತು ಮಂದಿ ಮದಿವಿ ನೋಡೂದು ಸಾಕು," ಎಂದು ಮಾಳು ಕೂಗಾಡಿದ್ದನ್ನು ಬಾಳೆಹಣ್ಣಿನವನಿಂದ ಹಿಡಿದು ಎಲ್ಲರೂ ಕೇಳಿದ್ದರು.

ಆದರೆ ಆ ವಿಡಿಯೋ ಅಳ್ಳಾಡುತ್ತಿತ್ತು.

ಮಾಯಾಳನ್ನು ಈ ಹೊಲಕ್ಕೆ ತಂದು ನಿಲ್ಲಿಸಿದ್ದು ಅದೊಂದೇ. ಕುದಿಯುವ ಹಾಲಿನ ಕೆನೆಯ ಮೇಲೆ ಯಾರೋ ಚಿತ್ರ ಬರೆದ ಹಾಗೆ ನೆಲ, ಕುರಿ, ಕಲ್ಲು, ಮಾಳು ಎಲ್ಲವೂ ತಳಮಳ ತಳಮಳ. ಸ್ಟುಡಿಯೋದವರು ಇದಕ್ಕೆ ಜೆಲ್ಲಿ ಎನ್ನುತ್ತಾರೆ. ಕ್ಯಾಮೆರಾ ಚಿತ್ರವನ್ನು ಒಂದೇ ಗುಟುಕಿಗೆ ನುಂಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓದಿಕೊಳ್ಳುತ್ತದೆ. ಓದುವಷ್ಟರೊಳಗೆ ಅದು ನಡುಗಿದರೆ ಮೇಲಿನ ಗೆರೆ ಒಂದು ಕಡೆ, ಕೆಳಗಿನ ಗೆರೆ ಇನ್ನೊಂದು ಕಡೆ. ನೆಟ್ಟಗಿನ ಕಂಬ ಹಾವಾಗುತ್ತದೆ.

ಸುನೀಲನ ವಿಡಿಯೋ ಹಾಗಿರುವುದು ಸಾಧ್ಯವೇ ಇರಲಿಲ್ಲ. ಅವನ ವಿಡಿಯೋ ಎಂದರೆ ಗಾಜಿನ ಮೇಲೆ ಎಣ್ಣೆ ಜಾರಿದ ಹಾಗೆ. ಏರಿಸುವ ಮೊದಲು ನಾಲ್ಕೂ ರೆಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವನು. ಒಂದೊಂದನ್ನೂ ಸಣ್ಣ ಕಡ್ಡಿಗೆ ಸಿಕ್ಕಿಸಿ, ತಕ್ಕಡಿಯ ಹಾಗೆ ಸಮ ನಿಲ್ಲುತ್ತದೋ ಇಲ್ಲವೋ ನೋಡುವನು. ಒಂದು ಕಡೆ ಹಗುರಾದರೆ ಚೂರು ಟೇಪು ಅಂಟಿಸುವನು. ಕ್ಯಾಮೆರಾ ತೂಗುಬಿದ್ದ ರಬ್ಬರಿನ ಗುಂಡಿಗಳನ್ನು ಒತ್ತಿ ಒತ್ತಿ ಮೆತ್ತಗಿವೆಯೇ ಎಂದು ಪರೀಕ್ಷಿಸುವನು. ಬಿಸಿಲು ಜಾಸ್ತಿಯಾದರೆ ಕ್ಯಾಮೆರಾದ ಕಣ್ಣಿಗೆ ಕರೀ ಗಾಜು ತೊಡಿಸುವನು. ಇಷ್ಟೆಲ್ಲ ಆಗುವ ಹೊತ್ತಿಗೆ ಮದುವೆಯ ಕಡೆಯವರು, "ಹುಡುಗಿಗೆ ಇಷ್ಟ ಸಿಂಗಾರ ಮಾಡ್ಲಿಲ್ಲೋ ಮಾರಾಯಾ," ಎಂದು ಬೈಯುವರು.

ಮುಂಜಾನೆಯಿಂದ ಮಾಯಾ ಒಂದೊಂದನ್ನೇ ಕೆಡಿಸಿ ಹಾರಿಸಿ ನೋಡಿದ್ದಳು. ಕರೀ ಗಾಜು ತೆಗೆದು ಹಾರಿಸಿದಳು; ಚಿತ್ರ ಸ್ವಲ್ಪ ಚುಚ್ಚಿದ ಹಾಗಾಯಿತು, ಅಷ್ಟೇ. ರಬ್ಬರಿನ ಗುಂಡಿಗೆ ಗಟ್ಟಿ ದಾರ ಸುತ್ತಿ ಹಾರಿಸಿದಳು. ನಡುಗಿತು, ಆದರೆ ಆ ನಡುಕ ಬೇರೆ, ಸಣ್ಣದು, ಚಳಿ ಹತ್ತಿದವರ ಹಲ್ಲಿನಂಥದು.

ಉಳಿದದ್ದು ಒಂದು. ಅದನ್ನು ಅವಳು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು.

ಮೊನ್ನೆ ಠಾಣೆಯಲ್ಲಿ, ಜಪ್ತಿ ಮಾಡಿದ ಡ್ರೋನನ್ನು ಪ್ಲಾಸ್ಟಿಕ್ ಚೀಲದೊಳಗಿನಿಂದಲೇ ತೋರಿಸಿದ್ದರು. ಒಂದು ರೆಕ್ಕೆಯ ತುದಿಗೆ ಹಳದಿ ಕಲೆ. "ತುಕ್ಕು ಹಿಡದೈತಿ," ಎಂದಿದ್ದ ಪೇದೆ. ಪ್ಲಾಸ್ಟಿಕ್ ರೆಕ್ಕೆಗೆ ಎಂಥಾ ತುಕ್ಕು!

ಮಾಯಾ ಸೀರೆಯ ಗಂಟು ಬಿಚ್ಚಿ ಭಂಡಾರ ತೆಗೆದಳು. ಬೀರದೇವರ ಗುಡಿಯ ಅರಿಶಿನ. ಅಂಗೈಯಲ್ಲಿ ಒಂದು ಹನಿ ಎಣ್ಣೆ ಹಾಕಿ ಕಲಸಿ, ಹೆಬ್ಬೆರಳಿನಿಂದ ಒಂದು ರೆಕ್ಕೆಯ ತುದಿಗೆ ಒತ್ತಿದಳು. ಅವ್ವ ಒತ್ತುವ ಹಾಗೆಯೇ ದಪ್ಪಗೆ.

"ಪೂಜಾನೂ ಆತೇನ್ರಿ?" ಎಂದ ಶುಭಮ್. "ತೆಂಗಿನಕಾಯಿ ತರ್ಬೇಕಿತ್ತ."

"ಅಮಾಸಿಗೆ ನಮ್ಮವ್ವ ಗಾಡಿ, ಮೋಟರ್, ಹಿಟ್ಟಿನ ಗಿರಣಿ, ಎಲ್ಲಾದಕೂ ಹಚ್ಚತಾಳ್ರಿ. ಡ್ರೋನಿಗೆ ಒಂದ ರೆಕ್ಕಿಗೆ. ನಾಕಕ್ಕೂ ಯಾಕ ಹಚ್ಚೂದಿಲ್ಲಬೇ ಅಂದ್ರ, ನಾಕಕ್ಕೂ ಹಚ್ಚಿದ್ರ ದೇವರು ಯಾವುದರ ಮ್ಯಾಲ ಕುಂಡ್ರಬೇಕು ಅಂತಾಳ."

ಶುಭಮ್ ಬಗ್ಗಿ ರೆಕ್ಕೆಯ ಮೇಲಿನ ಹಳದಿಯನ್ನು ನೋಡಿದ.

ಬಿಸಿಲಿಗೆ ಭಂಡಾರ ಒಣಗಿ ಪೊರೆಗಟ್ಟುವವರೆಗೆ ಕಾಯ್ದು ಮಾಯಾ ಡ್ರೋನ್ ಏರಿಸಿದಳು. ಬೇವಿನ ಮರದ ಎತ್ತರ, ಅದಕ್ಕೂ ಮೇಲೆ. ಹೊಲದ ಬದು, ಕಾಲುವೆ, ಅವ್ವನ ಮನೆಯ ತಗಡು ರಿಮೋಟಿನ ಪರದೆಯೊಳಗೆ ಬಂದವು. ಬಂದವೇ ತಳಮಳಿಸತೊಡಗಿದವು. ಕಾಲುವೆ ಹಾವಾಯಿತು. ತಗಡಿನ ಮನೆ ಉಸಿರಾಡಿತು.

ಅದೇ. ಅದೇ ಅಲೆ, ಅದೇ ಓಟ.

ಅವಳ ಬೆರಳು ಅಲ್ಲಿಯೇ ನಿಂತುಬಿಟ್ಟವು. ಇಳಿಸಬೇಕು ಎಂದು ತಲೆ ಹೇಳುತ್ತಿತ್ತು, ಬೆರಳಿಗೆ ಸುದ್ದಿ ಮುಟ್ಟುತ್ತಿರಲಿಲ್ಲ.

"ಅಕ್ಕಾರ? ಕೊಡ್ರಿ ಇಲ್ಲಿ, ಬಿದ್ದು ಗಿದ್ದೀತು." ಶುಭಮ್ ರಿಮೋಟ್ ಈಸಿಕೊಂಡ. ಅವನ ಬೆರಳು ರಿಮೋಟಿನ ಬೆನ್ನ ಕಡೆಗೆ ಹೋಗಿ ಟಕ್ ಎಂದಿತು, ರೆಕಾರ್ಡಿಂಗ್ ನಿಂತಿತು. ಆಮೇಲೆ ನಿಧಾನವಾಗಿ ಡ್ರೋನ್ ಕೆಳಗಿಳಿದು ಚೀಲದ ಮೇಲೆ ಕುಳಿತಿತು.

ಮಾಯಾ ಅದನ್ನು ಕಂಡಳು. ಕಂಡದ್ದು ಒಳಗಿಳಿಯಲಿಲ್ಲ, ಹೊಸ್ತಿಲಲ್ಲೇ ಕುಳಿತಿತು.

ರೆಕ್ಕೆ ಒರೆಸಿ ಮತ್ತೆ ಏರಿಸಿದಳು. ಗಾಜಿನ ಮೇಲೆ ಎಣ್ಣೆ.

"ನೋಡ್ರಿ ವಕೀಲ್ರ," ಎಂದಳು. "ಸುನೀಲ ಪ್ರತಿ ಅಮಾಸಿಗೆ ಅವ್ವನ ಮುಂದ ಕೈ ಮುಗಿದು, ಹೊರಗ ಬಂದ ಕೂಡ್ಲೇ ಒರಸ್ತಿದ್ದ. ಅವ್ವಗ ಗೊತ್ತಿಲ್ಲ. ನನಗ ಗೊತ್ತು. ಒರಸದ ಹಾರಿಸಿದಾಂವ ಅವನಲ್ರಿ."

"ಆ ದಿನ ಮರತಿದ್ದ ಅಂತಾರ." ಶುಭಮ್ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ಸಿಟ್ಟಿನಾಗ ಇದ್ದ, ಕೈಗೆ ಸಿಕ್ಕಿದ್ದ ಹಾರಿಸಿದ. ಸರ್ಕಾರಿ ವಕೀಲ ಎರಡ ಮಾತಿನಾಗ ಮುಗಸ್ತಾನ. ನನ್ನ ಮಾತ ಕೇಳ್ರಿ, ನಿಮ್ಮ ತಮ್ಮಗ ಹೇಳ್ರಿ. ಹೆದರಸಾಕ ಹೋಗಿದ್ದೆ, ಕೊಲ್ಲಾಕಲ್ಲ ಅಂತ ಒಪ್ಪಿಕೊಂಡ್ರ ಶಿಕ್ಷಾ ಅರ್ಧಕ್ಕರ್ಧ ಕಡಿಮಿ ಆಕ್ಕೈತಿ."

"ಮಾಡದ್ದ ಒಪ್ಪಿಕೋ ಅನ್ಲೇನ್ರಿ?"

"ನಾ ನಿಮ್ಮ ಕಡಿಯಾಂವರಿ. ಹುಕ್ಕೇರಿಯಿಂದ ಇಲ್ಲಿತನಕ ಪೆಟ್ರೋಲ್ ಸುಟಗೊಂಡ ಯಾರ ಬರ್ತಾರ? ನಿಮ್ಮ ಯಜಮಾನ್ರನ್ನ ನಾ ಜೀವಂತ ನೋಡಿದಾಂವಲ್ಲ, ವಿಡಿಯೋದಾಗ ಕಂಡದ್ದಷ್ಟ. ಆದ್ರೂ ನಿಮ್ಮ ಕಥಿ ಪೇಪರಿನ್ಯಾಗ ಓದಿ ಕರಳು ಚುರ್ ಅಂತು." ಅವನು ಸುತ್ತ ನೋಡಿದ. "ಭಾಳ ಬಿಸಲೈತಿ. ಕಾರಿನ್ಯಾಗ ಕುಂಡ್ರೂನು ಬರ್ರಿ, ಏಸಿ ಹಾಕ್ತೀನಿ."

ಕಾರು ಅವ್ವನ ಮನೆಯ ಮುಂದಿನ ಬೇವಿನ ಕೆಳಗೆ ನಿಂತಿತ್ತು. ಮಾಯಾ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ಶುಭಮ್ ಸಿಗರೇಟು ಹಚ್ಚಿ ಫೋನು ಕಿವಿಗಿಟ್ಟುಕೊಂಡು ಕಾಲುವೆಯ ಕಡೆ ನಡೆದುಹೋದ.

ಚಿಕ್ಕಂದಿನಲ್ಲಿ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಣಿ, ಆಕೆಯ ಗಂಡ ಕಾಣೆಯಾಗಿದ್ದ. ಊರ ಕೆರೆಯ ನೀರಿನಲ್ಲಿ ಅವನ ಮುಖ ಕಾಣುತ್ತಿತ್ತು, ಆದರೆ ಗಾಳಿ ಬಿಡಬೇಕಲ್ಲ. ಮುಖ ಮೂಡುವುದರೊಳಗೆ ಅಲೆ ಬಂದು ಅಳಿಸುವುದು. ರಾಣಿ ಕಾಯ್ದಳು, ಬೇಡಿದಳು, ಬೈದಳು. ಕೊನೆಗೆ ಗಾಳಿಯ ಬಾಲ ಹಿಡಿದು ಸೆರಗಿನ ತುದಿಗೆ ಗಂಟು ಹಾಕಿಬಿಟ್ಟಳು.

ಗಾಳಿಯನ್ನು ಹಿಡಿಯಬೇಕಾದರೆ ಅದರ ಬಾಲ ಎಲ್ಲಿದೆ ಎಂದು ಗೊತ್ತಿರಬೇಕು. ಪೊಲೀಸರಿಂದ ಆ ವಿಡಿಯೋದ ನಕಲು ಪಡೆದು, ಒಂದು ತಿಂಗಳಿಂದ ಮಾಯಾ ಅದರ ನಡುಕ ಇಳಿಸಲು ಹೆಣಗಿದ್ದಳು. ಸಾಫ್ಟ್‌ವೇರಿಗೆ ಯಾವ ಅಳತೆ ಕೊಟ್ಟರೂ ಅಲೆ ಒಂದು ಕಡೆ ತಗ್ಗಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು. ಈಗ ಅವಳ ಕೈಯಲ್ಲಿ ಅದೇ ಅಲೆಯ ಇನ್ನೊಂದು ವಿಡಿಯೋ ಇತ್ತು. ಅದರೊಳಗಿನ ಕಾಲುವೆ ನೆಟ್ಟಗಿದೆ, ಮನೆಯ ಗೋಡೆ ನೆಟ್ಟಗಿದೆ ಎಂಬುದು ಅವಳಿಗೆ ಗೊತ್ತಿತ್ತು. ಕಾಲುವೆ ನೆಟ್ಟಗಾಗುವವರೆಗೆ ಅಳತೆ ಹೆಚ್ಚು ಕಡಿಮೆ ಮಾಡುತ್ತ ಕುಳಿತಳು. ಕಾಲುವೆ ನಿಂತಿತು. ಗೋಡೆ ನಿಂತಿತು.

ಅದೇ ಅಳತೆಯನ್ನು ಎತ್ತಿ ಮಾಳೂನ ವಿಡಿಯೋಗೆ ಕೊಟ್ಟಳು.

ನೀರು ನಿಂತಿತು.

ಖಣಿಯ ದಂಡೆ. ಒಂದೊಂದಾಗಿ ಎಣಿಸಬಹುದಾದ ಕುರಿಗಳು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮಾಳು. ಅವನು ಕೈ ಎತ್ತಿ, ಕೋಲು ಚಾಚುತ್ತಾನೆ. 'ಡ್ರೋನನ್ನು ಓಡಿಸಲು ಕುರಿ ಕಾಯುವ ಕೋಲು ಬೀಸಿದ' ಎಂದು ಪೊಲೀಸರು ಹೇಳಿದ್ದ ಗಳಿಗೆ ಇದು. ಮಾಯಾ ಅಲ್ಲಿ ನಿಲ್ಲಿಸಿದಳು. ದೊಡ್ಡದು ಮಾಡಿದಳು.

ಕೋಲು ಇರಲಿಲ್ಲ.

ಅಂಗೈ ಅಗಲದ ಚೌಕ. ಅದಕ್ಕೆ ಮೊಲದ ಕಿವಿಯ ಹಾಗೆ ಎರಡು ಕಡ್ಡಿ. ಇಷ್ಟು ದಿನ ಜೆಲ್ಲಿಯೊಳಗೆ ಹಿಗ್ಗಿ ಕುಗ್ಗಿ ಕೋಲಿನ ಹಾಗೆ ಕಂಡಿದ್ದು ರಿಮೋಟ್.

ಮಾಳು, ಸಂತೆಯಲ್ಲಿ ನಿಂತು ಡ್ರೋನನ್ನೂ ಸ್ಟುಡಿಯೋವನ್ನೂ ಬೈದ ಮಾಳು, ತಾನೇ ಹಾರಿಸುತ್ತಿದ್ದ. ಮೇಲೆ ನೋಡುತ್ತಿದ್ದ. ಅವನ ಹಲ್ಲು ಕಾಣುತ್ತಿದ್ದವು. ಅವನು ನಗುತ್ತಿದ್ದ.

ಮಾಯಾ ಆ ನಗುವನ್ನು ಬಹಳ ಹೊತ್ತು ನೋಡಿದಳು. ಎದೆಯಲ್ಲಿ ಏನೋ ಆಗಬೇಕಿತ್ತು. ಆಗಲಿಲ್ಲ. ಸೊಂಟದ ಬಳಿ ಸೀಟಿನ ಹೊಲಿಗೆ ಬಿಟ್ಟಿದ್ದು ಮಾತ್ರ ಚುಚ್ಚುತ್ತಿತ್ತು.

ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದಳು. ಮಾಳು ರಿಮೋಟನ್ನು ಚಾಚಿದ್ದು ಆಕಾಶಕ್ಕಲ್ಲ, ಪಕ್ಕಕ್ಕೆ, ಜಾಲಿಗಿಡದ ನೆರಳಿಗೆ. 'ನೀ ಒಂದಿಷ್ಟ ಹಿಡಿ' ಎನ್ನುವ ಹಾಗೆ. ನೆರಳಿನೊಳಗಿನಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು. ತೋಳಿನ ಮೇಲಕ್ಕೆ ಎಲ್ಲವೂ ಗಿಡದ ಮರೆ. ಮರುಕ್ಷಣ ಡ್ರೋನ್ ಕೆಳಗೆರಗಿತು. ಕುರಿಗಳು ಚದುರಿದವು. ಮಾಳು ಮುಖಕ್ಕೆ ಕೈ ಅಡ್ಡ ಹಿಡಿದು ಹಿಂದೆ ಸರಿದ, ಇನ್ನೂ ಸರಿದ. ಆಮೇಲೆ ಅವನಿದ್ದ ಜಾಗದಲ್ಲಿ ಬರೀ ದಂಡೆ.

ವಿಡಿಯೋ ಮುಗಿಯಿತು.

ಮುಗಿಯಿತು ಎಂದರೇನು? ಮೊದಲ ಬಾರಿಗೆ ಅವಳ ತಲೆ ಆ ಪ್ರಶ್ನೆಯ ಮೇಲೆ ಕಾಲಿಟ್ಟಿತು. ವಿಡಿಯೋ ತಾನಾಗಿ ಮುಗಿಯುವುದಿಲ್ಲ. ಯಾರೋ ರಿಮೋಟಿನ ಬೆನ್ನಿನ ಗುಂಡಿ ಒತ್ತಬೇಕು. ಒಂದು ಮನುಷ್ಯಜೀವ ಖಣಿಗೆ ಬಿದ್ದದ್ದನ್ನು ನೋಡಿದವರು ಕೂಗಬೇಕು, ಓಡಬೇಕು. ಆ ಕೈ ಮೊದಲು ರೆಕಾರ್ಡಿಂಗ್ ನಿಲ್ಲಿಸಿತ್ತು. ಆಮೇಲೆ ಡ್ರೋನ್ ಇಳಿಸಿ, ಪೆಟ್ಟಿಗೆಗೆ ಹಾಕಿ, ಮೂಡಲಗಿಯವರೆಗೆ ಒಯ್ದು ಸುನೀಲನ ಸ್ಟುಡಿಯೋದೊಳಗೆ ಇಟ್ಟಿತ್ತು.

ನಿಂತ ನೀರಿನಲ್ಲಿ ರಾಣಿಗೆ ಗಂಡನ ಮುಖ ಕಂಡಿತು. ಅದರ ಬಾಜೂಕ್ಕೆ ಇನ್ನೊಂದು ಮುಖವೂ ಇತ್ತು. ಅಲ್ಲಿಗೆ ಅಜ್ಜಿ ಕಥೆ ನಿಲ್ಲಿಸಿ ಎಲೆಯ ಚೀಲಕ್ಕೆ ಕೈ ಹಾಕುವಳು. "ಯಾರದಬೇ ಆ ಮುಖ?" ಎಂದು ಮಾಯಾ ಕೇಳಿದರೆ, "ಮಲ್ಕೊ, ನಾಳಿಗೆ," ಎನ್ನುವಳು. ಆ ನಾಳೆ ಬರಲೇ ಇಲ್ಲ.

"ಏನರ ಸಿಕ್ತೇನ್ರಿ?" ಶುಭಮ್ ಕಿಟಕಿಗೆ ಬಗ್ಗಿದ.

ಮಾಯಾಳ ಕೈ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿತು.  ಮಾಳೂನ ನಗುವಿನ ಮಾತು ಮೊದಲು ಅವ್ವನ ಕಿವಿಗೆ ಬೀಳಬೇಕು ಎನ್ನಿಸಿರಬಹುದು.

"ಇಲ್ರಿ," ಎಂದಳು. "ಅವ್ವನ ಒಂದ್ ಮಾತ್ ಕೇಳಿ ಬರ್ತೀನಿ. ಒಳಗ ಬರ್ರಿ, ನೀರರ ಕುಡೀರಿ."

"ಬ್ಯಾಡ್ರಿ, ಸೂತಕದ ಮನಿ, ನಾ ಇಲ್ಲೇ ಆರಾಮ ಅದೀನಿ. ಮೊದಲನೇ ಸಲ ಈ ಊರಿಗೆ ಬಂದೀನಿ, ಬೇವಿನ ಗಾಳಿ ತಗೋತೀನಿ."

ಹಣಮವ್ವ ಪಡಸಾಲೆಯಲ್ಲಿ ಕುಳಿತು ಉಣ್ಣೆಯ ನೂಲು ತೆಗೆಯುತ್ತಿದ್ದಳು. ಮಗಳನ್ನು ಕಂಡು ಕೈ ನಿಲ್ಲಿಸಲಿಲ್ಲ. ಮಗ ಜೈಲಿಗೆ ಹೋದ ದಿನದಿಂದ ಅವಳು ನೂಲು ತೆಗೆಯುತ್ತಲೇ ಇದ್ದಳು. ಮೂಲೆಯಲ್ಲಿ ಉಂಡೆಗಳ ರಾಶಿ ಬಿದ್ದಿತ್ತು, ಅದರ ಮೇಲೆ ಒಂದು ಆಡಿನ ಮರಿ ಮಲಗಿತ್ತು.

"ಉಂಡೀಯೇನ?"

"ಉಂಡೀನಿ."

"ಸುಳ್ಳ ಹೇಳ್ಬ್ಯಾಡ. ಮಾರಿ ನೋಡಿದ್ರ ಗೊತ್ತಾಕ್ಕೈತಿ. ರೊಟ್ಟಿ ಐತಿ, ಬದನಿಕಾಯಿ ಪಲ್ಯಾ ಐತಿ."

ಮಾಯಾ ಎದುರಿಗೆ ಕುಳಿತಳು. "ಯವ್ವಾ, ಆ ಅಮಾಸಿಗೆ ಡ್ರೋನಿಗೆ ಭಂಡಾರ ಹಚ್ಚಿದ್ಯಲ್ಲ. ಡ್ರೋನ್ ಯಾರು ತಂದಿದ್ರು?"

ನೂಲು ತಟಕ್ಕನೆ ಹರಿಯಿತು.

"ನನಗ ಗೊತ್ತಿಲ್ಲ."

"ನಿನ್ನ ಮನಿಗೆ ಬಂದದ್ದು ನಿನಗ ಗೊತ್ತಿಲ್ಲ?"

"ಗೊತ್ತಿಲ್ಲ ಅಂದ್ನೆಲ್ಲ!" ಹಣಮವ್ವ ಹರಿದ ನೂಲನ್ನು ನಾಲಿಗೆಗೆ ತಾಗಿಸಿ ಹೊಸೆಯತೊಡಗಿದಳು.  "ಎದ್ದು ರೊಟ್ಟಿ ತಿನ್ನು."

"ಯವ್ವಾ, ನಾಳೆ ಜಾಮೀನು ಸಿಗಲಿಲ್ಲ ಅಂದ್ರ ಸುನೀಲ ಒಳಗ ಉಳೀತಾನ. ಕೇಸ್ ಮುಗಿಯೂತನಕ ಉಳೀತಾನ. ಆಮ್ಯಾಲೂ ಉಳೀತಾನ."

"ಅವನ ಸಲುವಾಗೇ ನಾ ಬಾಯಿ ಮುಚಗ್ಯಾಂಡ ಕುಂತೀನಿ!" ಮಾತು ಹೊರಬಿದ್ದ ಮೇಲೆ ಹಣಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೆರಗಿನ ಹಿಂದಿನಿಂದಲೇ ಹೇಳಿದಳು: "ಭಂಡಾರ ಮುಟ್ಟಿ ಆಣಿ ಮಾಡೀನಿ ಮಗಳ. ಹೇಳಂಗಿಲ್ಲ ಅಂತ. ಆಣಿ ತಗೊಂಡಾಂವ ಹೋಗಿಬಿಟ್ಟ. ಇದ್ದಿದ್ರ ಬಿಡಸ್ಕೋತಿದ್ದೆ. ಸತ್ತಾಂವಗ ಮಾಡಿದ ಆಣಿ ಬಿಡಸೂರು ಯಾರು? ನಾ ಬಾಯಿ ಬಿಟ್ರ ಅದು ನನಗ ತಟ್ಟೂದಿಲ್ಲ, ನನ್ನ ಮಗನಿಗೆ ತಟ್ಟತೈತಿ. ಸುನೀಲನೂ ಮುಟ್ಯಾನ. ಅದಕ್ಕ ಅಂವನೂ ಬಾಯಿ ಬಿಡವಲ್ಲ."

ಮಾಯಾ ಅವ್ವನನ್ನು ನೋಡಿದಳು. ಒಂದು ಚಿಟಿಕೆ ಹಳದಿ ಪುಡಿ. ಒಂದು ತಿಂಗಳಿಂದ ಅದು ತಾಯಿಯ ಬಾಯಿಯನ್ನೂ ಮಗನ ಬಾಯಿಯನ್ನೂ ಹೊಲಿದು ಹಾಕಿತ್ತು. ಬೇರೆ ಯಾರಾದರೂ ಕೇಳಿದ್ದರೆ ನಗುತ್ತಿದ್ದರು. ಅವಳು ಅದೇ ಮನೆಯಲ್ಲಿ ಹುಟ್ಟಿದವಳು, ನಗಲಿಲ್ಲ, ವಾದಿಸಲಿಲ್ಲ. ಬಾಯಿಂದ ಹೇಳಲಾರದ್ದನ್ನು ಬೇರೆ ದಾರಿಯಿಂದ ತೆಗೆಯಬೇಕಿತ್ತು.

"ನೀ ಹೇಳಬ್ಯಾಡ ಯವ್ವಾ. ನಾ ಹೇಳ್ತೀನಿ. ನಾ ಹೇಳಿದ್ದು ಸುಳ್ಳಾದ್ರ 'ಅಲ್ಲ' ಅನ್ನು. ಖರೆ ಆದ್ರ ಸುಮ್ಮನ ನೂಲು ತಗಿ. ಸುಮ್ಮನ ಕುಂತ್ರ ಆಣಿ ಮುರೀತೈತೇನು?"

ಹಣಮವ್ವ ಹೊಸೆದ ನೂಲಿನ ತುದಿ ಕೆಳಗಿಟ್ಟಳು. ದೇವರ ಜಗುಲಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಉಣ್ಣೆ ಕೈಗೆತ್ತಿಕೊಂಡಳು.

"ಡ್ರೋನ್ ತಂದಾಂವ ಮಾಳು."

ನೂಲು ತಿರುಗಿತು.

"ನನಗ ಹೇಳಬಾರದು ಅಂತ ಆಣಿ ತಗೊಂಡಾಂವ ಅಂವನ. ಮಂದಿ ಮುಂದ ಅಷ್ಟ ಬೈದು, ಹಿಂದಿನಿಂದ ಕಲ್ಯಾಕ ಹೋದೆ ಅಂತ ಹೇಂಗ ಹೇಳೂದು, ನಾಚಿಕಿ."

ನೂಲು ತಿರುಗಿತು. ಹಣಮವ್ವನ ಗಲ್ಲದ ಮೇಲೆ ನೀರಿಳಿಯಿತು, ಆದರೆ ಬಾಯಿ ತೆರೆಯಲಿಲ್ಲ. ಒಂದು ತಿಂಗಳಿಂದ ಒಬ್ಬಳೇ ಹೊತ್ತಿದ್ದನ್ನು ಯಾರೋ ಕೆಳಗಿಳಿಸಿಕೊಂಡ ಹಾಗೆ ಹೆಗಲು ಇಳಿಬಿದ್ದವು.

ಸುನೀಲ ಹಾರಿಸಿಲ್ಲ. ಸುನೀಲ ಹಾರಿಸಿಲ್ಲ. ಮಾಯಾ ಅದನ್ನು ಒಳಗೊಳಗೇ ಎರಡು ಸಲ ಹೇಳಿಕೊಂಡಳು, ಯಾವುದೋ ಊರಿನ ಹೆಸರನ್ನು ನೆನಪಿಟ್ಟುಕೊಳ್ಳುವವಳ ಹಾಗೆ. ಆಮೇಲೆ ಮುಂದಿನ ಮಾತು ಇಟ್ಟಳು.

"ಆ ದಿನ ಮಾಳು ಒಬ್ಬನ ಬಂದಿದ್ದ."

"ಅಲ್ಲ."

ಎಷ್ಟು ಬೇಗ ಬಂತು ಆ ಮಾತು! ಆಡಿನ ಮರಿ ತಲೆಯೆತ್ತಿತು.

"ಸಿದ್ರಾಯ ಭಾವನ ಜೋಡಿ ಬಂದಿದ್ದ." ಮಾಳೂನ ಅಣ್ಣ ಸಿದ್ರಾಯ, ಸುನೀಲನ ಮೇಲೆ ಫಿರ್ಯಾದಿ ಕೊಟ್ಟವನು.

"ಅಲ್ಲ."

"ಸಾಗರನ ಜೋಡಿ." ಸಾಗರ ಸುನೀಲನ ಸ್ಟುಡಿಯೋದ ಪಾಲುದಾರ, ಅಲ್ಲಿಯ ಇನ್ನೊಂದು ಕೀಲಿ ಇರುವುದು ಅವನ ಬಳಿ.

"ಅಲ್ಲ." ಹಣಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಹೆಸರೇ ಗೊತ್ತಿರಲಿಲ್ಲ ಎಂಬುದು ಮುಖದಲ್ಲಿತ್ತು. ಕಂಡವನನ್ನು ಕಂಡಿದ್ದಳು, ಅಷ್ಟೇ. "ಹೊರಗ ಯಾರೋ ನಿಂತಾರಲ್ಲ. ಬಿಸಲಾಗ ಬಂದಾರ. ನೀರ ಕೊಟ್ಟ ಬರ್ತೀನಿ ತಡಿ."

ಮಗ ಜೈಲಿನಲ್ಲಿದ್ದರೂ, ಅಳಿಯ ಮಣ್ಣಾದರೂ, ಮನೆಯ ಮುಂದೆ ನಿಂತವರಿಗೆ ಅವಳು ನೀರು ಕೊಡದೆ ಇರುವವಳಲ್ಲ. ತಂಬಿಗೆ ತುಂಬಿಕೊಂಡು ಹೊರಬಾಗಿಲಿಗೆ ಹೋದಳು. ಮಾಯಾ ಕುಳಿತಲ್ಲೇ ಕುಳಿತು ಮುಂದಿನ ಹೆಸರು ಹುಡುಕಿದಳು. ಇನ್ನಾವ ಹೆಸರೂ ಹೊಳೆಯಲಿಲ್ಲ.

ಅವ್ವ ತಿರುಗಿ ಬಂದಳು. ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು.

ಈ ಮನೆಯ ಬಾಗಿಲಿಗೆ ಹೋದ ನೀರು ಹಾಗೆ ವಾಪಸ್ಸು ಬಂದದ್ದನ್ನು ಮಾಯಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಣಮವ್ವ ತಂಬಿಗೆಯನ್ನು ನೆಲಕ್ಕಿಟ್ಟಳು. ಕುಳಿತಳು. ಉಣ್ಣೆ ತೆಗೆದುಕೊಂಡಳು, ಕೈಯಲ್ಲಿ ಹಿಡಿದು ಹಾಗೇ ಇದ್ದಳು. ಮಗಳ ಮುಖ ನೋಡಿದಳು. ಮುಂದಿನ ಮಾತು ಕೇಳು, ಕೇಳು ಎಂದು ಬೇಡುವ ಹಾಗೆ ನೋಡಿದಳು.

 ಹೊಸ್ತಿಲಲ್ಲಿ ಕುಳಿತಿದ್ದದ್ದು ಎದ್ದು ಈಗ ಮಾಯಾಳ ಒಳಗೆ ಬಂತು: ರಿಮೋಟಿನ ಬೆನ್ನ ಕಡೆಗೆ ಹೋಗಿ ಟಕ್ ಎಂದ ಬೆರಳು. ಕಣ್ಣಿಗೆ ಕಾಣದ ಆ ಗುಂಡಿ ಎಲ್ಲಿದೆ ಎಂದು ಹುಡುಕದ ಬೆರಳು.

"ಅಮಾಸಿ ದಿನ ಮಾಳೂನ ಜೋಡಿ ಬಂದಾಂವ," ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ, "ಈಗ ನಮ್ಮ ಬೇವಿನ ಗಿಡದ ಬುಡಕ ನಿಂತಾನ."

'ಅಲ್ಲ' ಎಂಬ ಮಾತು ಬರಲಿಲ್ಲ.

ಹೊರಗೆ ಗಾಳಿಯೂ ನಿಂತಿತ್ತು. ಅವ್ವನ ಕೈಯಲ್ಲಿ ನೂಲು ಮೆಲ್ಲಗೆ ತಿರುಗತೊಡಗಿತು.

ಸುನೀಲನನ್ನು ಬಿಡಿಸುವ ಒಂದೇ ಒಂದು ಸಾಕ್ಷಿ, ಮಾಳೂನ ನಗು, ಜಾಲಿಯ ನೆರಳಿನ ಆ ಕೈ, ನಡುಕವಿಲ್ಲದೆ ಇಡೀ ಲೋಕದಲ್ಲಿ ಒಂದೇ ಕಡೆ ಇತ್ತು. ಅದನ್ನು ಎಲ್ಲಿ ಬಿಟ್ಟು ಬಂದೆ ಎಂದು ಮಾಯಾಳಿಗೆ ನೆನಪಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು.

ಎದ್ದು ಕಿಟಕಿಗೆ ಹೋದಳು.

ಕಾರಿನ ಹಿಂದಿನ ಸೀಟಿನಲ್ಲಿ ಶುಭಮ್ ಕುಳಿತಿದ್ದ. ಅವಳು ಇಳಿಸಿ ಬಂದಿದ್ದ ಲ್ಯಾಪ್‌ಟಾಪಿನ ಮುಚ್ಚಳ ಮೇಲೆದ್ದಿತ್ತು. ಅವನು ತಲೆ ಎತ್ತದೆ ಕರೆದ: "ಅಕ್ಕಾರ, ನಿಮ್ಮ ಅವ್ವಾರು ಬಾಗಲಕ್ಕ ಬಂದು ಹಂಗ ಹೋದ್ರಲ್ರಿ. ನೀರು ಕೊಡ್ಲಿಲ್ಲಲ್ಲ?"

ಅವನ ಕನ್ನಡಕದ ಗಾಜುಗಳ ಮೇಲೆ ಒಂದೊಂದು ಪುಟ್ಟ ಚಿತ್ರ ಬೆಳಗುತ್ತಿತ್ತು. ಖಣಿಯ ದಂಡೆ, ಒಂದು ಜಾಲಿಗಿಡ, ನೆರಳಿನೊಳಗಿನಿಂದ ಚಾಚಿದ ಒಂದು ಕೈ.

ಒಂದಿಷ್ಟೂ ಅಳ್ಳಾಡುತ್ತಿರಲಿಲ್ಲ.